ಆಸ್ಟಿನ್ ಗಾಡಿಯ ಎಡಬಾಗಿಲು

ಹಿಂದಿನ ಎಡಬಾಗಿಲಿನ ಹಿಡಿಯನ್ನು ಕೆಳಗೆ ಒತ್ತಿದರೆ ಅದು ತೆರೆಯುತ್ತಿರಲಿಲ್ಲ. ಮೊಣಕೈಯಿಂದ ಬಾಗಿಲನ್ನು ಸ್ವಲ್ಪ ಒಳಕ್ಕೆ ತಳ್ಳಿ, ಹಿಡಿಯನ್ನು ಮೇಲಕ್ಕೆ ಎತ್ತಿ, ಆಮೇಲೆ ಎಳೆಯಬೇಕಿತ್ತು. ನಮ್ಮ ಮನೆಯವರಿಗೆಲ್ಲ ಅದು ಕೈಗೆ ರೂಢಿಯಾಗಿತ್ತು. ಹೊರಗಿನವರು ಹಿಡಿಯೊಡನೆ ಸ್ವಲ್ಪ ಹೊತ್ತು ಗುದ್ದಾಡಿ, ಕೊನೆಗೆ ಬಲಬಾಗಿಲಿಗೆ ಸುತ್ತಿಕೊಂಡು ಬರುತ್ತಿದ್ದರು.

ಮೊನ್ನೆ ಚಿತ್ರದುರ್ಗದಲ್ಲಿ, ನಾನೀಗ ಪಾಠ ಹೇಳುವ ಕಾಲೇಜಿನ ಎದುರು, ಯಾರೋ ಹಳೆಯ ಕಾರೊಂದರ ಸೀಟನ್ನು ಬಿಚ್ಚಿ ಬಿಸಿಲಿಗೆ ಹಾಕಿದ್ದರು. ಹರಿದ ರೆಕ್ಸಿನ್ನಿನಿಂದ ತೆಂಗಿನ ನಾರು ಹೊರಗೆ ಬಂದಿತ್ತು. ನೆನೆದು ಕಾದ ಆ ನಾರಿನ ವಾಸನೆಗೆ ಪೆಟ್ರೋಲಿನ ವಾಸನೆ ಬೆರೆತು ಮೂಗಿಗೆ ಬಂದಾಗ ನನಗೆ ಅರವತ್ತಮೂರರ ಆಷಾಢ ನೆನಪಾಯಿತು. ಆ ಒಂದು ತಿಂಗಳು ದೊಡ್ಡಮ್ಮನೂ ನಾನೂ ಒಂದು ಗಾಡಿಯನ್ನು ಹುಡುಕಿಕೊಂಡು ತಿರುಗಿದೆವು.

ಗಾಡಿ ನನ್ನ ದೊಡ್ಡಪ್ಪನದು. ಹಸಿರು ಬಣ್ಣದ ಆಸ್ಟಿನ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಊರು ಬಿಟ್ಟು ಹೊರಟಿದ್ದ ಮಿಲ್ಲಿನ ಮ್ಯಾನೇಜರೊಬ್ಬರಿಂದ ಅವರು ಕೊಂಡಿದ್ದರು. ದೊಡ್ಡಪ್ಪ ಹತ್ತಿ ವ್ಯಾಪಾರಿ. ಕಡಿಮೆ ಮಾತು, ಮಾತಾಡಿದರೆ ಚುಚ್ಚು ಮಾತು. ಮಠದ ಅಯ್ಯನವರೊಡನೆ ಯಾವುದೋ ವಿಷಯಕ್ಕೆ ಮನಸ್ಸು ಮುರಿದುಕೊಂಡು ಆ ಕಡೆ ಹೋಗುವುದನ್ನೇ ಬಿಟ್ಟಿದ್ದರು. ತೆರೆದದ್ದನ್ನು ತೆರೆದಂತೆ ಬಿಡುವುದು ಅವರಿಂದ ಆಗುತ್ತಿರಲಿಲ್ಲ. ನಶ್ಯದ ಡಬ್ಬಿ, ಮಸಿಯ ಕುಡಿಕೆ, ಕಿಟಕಿ, ಏನೇ ಆಗಲಿ, ಬೇಕಾದಷ್ಟು ತೆಗೆದುಕೊಂಡ ಕೂಡಲೇ ಮುಚ್ಚುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ನಾನು ಅವರ ತಮ್ಮನ ಮಗಳು. ಅಮ್ಮ ನನ್ನ ಎಳವೆಯಲ್ಲೇ ತೀರಿಕೊಂಡದ್ದರಿಂದ ನನ್ನನ್ನು ಬೆಳೆಸಿದವರು ದೊಡ್ಡಮ್ಮ. ದೊಡ್ಡಪ್ಪ ಹೋಗಿ ಆಗಲೇ ಆರು ವರ್ಷವಾಗಿತ್ತು. ಅವರು ಹೋದ ತಿಂಗಳೇ ಅಪ್ಪ ಗಾಡಿಯನ್ನು ಮಾರಿಬಿಟ್ಟಿದ್ದರು.

ಆ ವರ್ಷ ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ದಾವಣಗೆರೆಗೆ ಮರಳಿದ್ದೆ. ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದೆ. ಮೋಡ ಕಟ್ಟುತ್ತಿತ್ತು, ಮಳೆ ಬರುತ್ತಿರಲಿಲ್ಲ. ದಿನವಿಡೀ ಗಾಳಿ. ಮಿಲ್ಲುಗಳ ಕಡೆಯಿಂದ ಹತ್ತಿಯ ಎಳೆಗಳು ತೇಲಿಬಂದು ಒಣಹಾಕಿದ ಸೀರೆಗೆ, ಹಂಡೆಯ ಮುಚ್ಚಳಕ್ಕೆ, ಹುಬ್ಬಿಗೆ ಅಂಟುತ್ತಿದ್ದವು. ಎಷ್ಟು ಗುಡಿಸಿದರೂ ಮನೆ ಗುಡಿಸಿದಂತೆ ಕಾಣುತ್ತಿರಲಿಲ್ಲ. ಆಷಾಢವಾದ್ದರಿಂದ ಹೆಣ್ಣು ನೋಡಲು ಯಾರೂ ಬರುತ್ತಿರಲಿಲ್ಲ, ಅದೊಂದು ಸಮಾಧಾನ. ಶ್ರಾವಣದಲ್ಲಿ ಬರುವವರು ಕೂರಲಿ ಎಂದು ಅಪ್ಪ ಬೆಂಗಳೂರಿನಿಂದ ಒಂದು ಸೋಫಾ ತರಿಸಿದ್ದರು.

ಎಲ್ಲ ಶುರುವಾದದ್ದು ಆ ಸೋಫಾದಿಂದ. ಒಂದು ಮಧ್ಯಾಹ್ನ ದೊಡ್ಡಮ್ಮನ ಬೀಗದ ಕೈ ಗೊಂಚಲು ಕಾಣೆಯಾಯಿತು. ಮನೆಯೆಲ್ಲ ಹುಡುಕಿದ ಮೇಲೆ ನಾನು ಸೋಫಾದ ಬೆನ್ನಿಗೂ ಮೆತ್ತೆಗೂ ನಡುವಿನ ಸಂದಿಯಲ್ಲಿ ಕೈ ಹಾಕಿದೆ. ಗೊಂಚಲು ಸಿಕ್ಕಿತು. ಜೊತೆಗೆ ಅಪ್ಪನ ಪೆನ್ನಿನ ಮುಚ್ಚಳ, ನನ್ನ ಹೇರ್‌ಪಿನ್ನು, ಅಡಿಕೆ ಹೋಳು.

ದೊಡ್ಡಮ್ಮ ಕೈ ಚಾಚಲಿಲ್ಲ. ಆ ಸಂದಿಯನ್ನೇ ನೋಡುತ್ತ ನಿಂತಿದ್ದರು.

"ಕಾರಿನ ಸೀಟೂ ಹಿಂಗೇ ಇರ್ತೈತಲ್ಲ, ಸರೋಜಾ" ಎಂದರು.

"ಹೌದು. ಯಾಕೆ ದೊಡ್ಡಮ್ಮ?"

ಅವರು ತಮ್ಮ ಕೋಣೆಗೆ ಹೋಗಿ ಟ್ರಂಕು ತೆರೆದು ದೊಡ್ಡಪ್ಪನ ಬೆಳ್ಳಿಯ ಕರಡಿಗೆ ತಂದರು. ಎದೆಯ ಮೇಲೆ ಲಿಂಗವನ್ನು ಧರಿಸುವ ಆ ಪುಟ್ಟ ಪೆಟ್ಟಿಗೆ, ಶಿವದಾರದ ಸಮೇತ. ಅದು ಮನೆಯಲ್ಲಿ ಇದ್ದದ್ದೇ ನನಗೆ ತಿಳಿದಿರಲಿಲ್ಲ. ಲಿಂಗ ಸತ್ತವರ ಜೊತೆಗೇ ಮಣ್ಣಿಗೆ ಹೋಗಬೇಕು. ದೊಡ್ಡಪ್ಪ ತೀರಿಕೊಂಡಾಗ ನಾನು ಹಾಸ್ಟೆಲಿನಲ್ಲಿದ್ದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದು ಏನಾಯಿತೆಂದು ದೊಡ್ಡಮ್ಮ ಮೊದಲ ಬಾರಿಗೆ ಹೇಳಿದರು.

ದೊಡ್ಡಪ್ಪ ರಾಣೆಬೆನ್ನೂರಿನ ಕಡೆ ಹತ್ತಿ ನೋಡಿಕೊಂಡು ಗಾಡಿಯಲ್ಲಿ ಹಿಂದಿರುಗುತ್ತಿದ್ದರು. ಹರಿಹರ ದಾಟಿದ ಮೇಲೆ ಎದೆನೋವು. ದಾವಣಗೆರೆಯ ಆಸ್ಪತ್ರೆಗೆ ಬರುವ ಮೊದಲೇ ಜೀವ ಹೋಗಿತ್ತು. ಮನೆಗೆ ತಂದು ಸ್ನಾನ ಮಾಡಿಸಿ, ಅಂಗೈಯಲ್ಲಿ ಲಿಂಗ ಇಡಬೇಕೆಂದು ಕೊರಳಲ್ಲಿದ್ದ ಕರಡಿಗೆಯನ್ನು ಬಿಚ್ಚಿದರೆ ಒಳಗೆ ಏನೂ ಇರಲಿಲ್ಲ. ಮುಚ್ಚಳ ಸರಿಯಾಗಿ ಮುಚ್ಚಿತ್ತು, ದಾರ ಗಟ್ಟಿಯಾಗಿತ್ತು, ಒಳಗೆ ಖಾಲಿ. ಅದನ್ನು ಕಂಡವರು ಮೂವರೇ: ದೊಡ್ಡಮ್ಮ, ಅಪ್ಪ, ಮಠದಿಂದ ಬಂದಿದ್ದ ಅಯ್ಯನವರು. ಅಯ್ಯನವರು ಏನೂ ಅನ್ನದೆ ಬೇರೊಂದು ಲಿಂಗ ತರಿಸಿದರು. ಅಪ್ಪ ಮೆಲ್ಲಗೆ "ಯಾರಿಗೂ ಹೇಳಬ್ಯಾಡ್ರಿ ಅತ್ತಿಗೆ" ಎಂದರಂತೆ.

"ಬರೀ ಪೆಟ್ಟಿಗಿ ಕಟ್ಕಂಡು ತಿರುಗ್ತಿದ್ರು ಅಂತ ನಿಮ್ಮಪ್ಪ ತಿಳ್ಕಂಡ. ನಾನೂ ತಿಳ್ಕಂಡೆ. ಗಾಡ್ಯಾಗ ಬಿದ್ದಿರ್ಬೌದು ಅಂತ ಇವತ್ತಿನ ತನಕ ಹೊಳೀಲೇ ಇಲ್ಲ" ಎಂದರು ದೊಡ್ಡಮ್ಮ.

"ಆದರೆ ದಿನಾ ಪೂಜೆ ಮಾಡ್ತಿದ್ದರಲ್ಲ."

"ಬಾಗ್ಲು ಹಾಕ್ಕಂಡು."

ಅದು ನಿಜ. ನಮ್ಮ ಮನೆಯಲ್ಲಿ ಗಂಡಸರು ಪೂಜೆಯ ಕೋಣೆಯ ಬಾಗಿಲು ಮುಚ್ಚಿಕೊಂಡೇ ಕೂರುತ್ತಿದ್ದರು. ಅದು ಅಜ್ಜನ ಕಾಲದ ರೂಢಿ, ಪೂಜೆಯ ಹೊತ್ತಿಗೆ ಸದ್ದಾದರೆ ಅಜ್ಜ ಸಹಿಸುತ್ತಿರಲಿಲ್ಲವಂತೆ. ದೊಡ್ಡಮ್ಮ ಪತ್ರೆ, ವಿಭೂತಿ, ನೀರು ಇಟ್ಟ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು, ಬಾಗಿಲನ್ನು ಒಮ್ಮೆ ತಟ್ಟಿ ಹೊರಟುಬಿಡುತ್ತಿದ್ದರು. ಹೆಂಗಸರ ಲಿಂಗಪೂಜೆ ಅಡಿಗೆಮನೆಯ ಮೂಲೆಯಲ್ಲಿ, ಒಲೆಯ ಮೇಲೆ ಒಂದು ಕಣ್ಣಿಟ್ಟುಕೊಂಡು. ಮದುವೆಯಾದಾಗಿನಿಂದ ಗಂಡನ ಕೈಯಲ್ಲಿ ಲಿಂಗವನ್ನು ಅವರು ಒಮ್ಮೆಯೂ ಕಂಡಿರಲಿಲ್ಲ.

ಮನುಷ್ಯನಿಗೆ ನಂಬಿಕೆ ಇಲ್ಲದಿದ್ದರೆ ಅದರಲ್ಲಿ ತಪ್ಪೇನು ಎಂದು ನಾನು ಕೇಳಿದೆ. ಆಗ ತಾನೇ ಓದು ಮುಗಿಸಿದವಳ ಪ್ರಶ್ನೆ ಅದು.

"ಇಲ್ಲದಿದ್ರೆ ಇಲ್ಲ ಅನ್ಬೌದಿತ್ತು. ನಾ ಏನು ಅಯ್ನೋರಿಗೆ ಚಾಡಿ ಹೇಳ್ತಿದ್ನಾ? ದಿನಾ ಬೆಳಿಗ್ಗೆ ಎದ್ದು ಪತ್ರಿ ಹರ್ಕಂಡು ಬಂದು ಇಡ್ತಿದ್ದೆ. ಒಳಗೆ ಕೂತು ಬೀಡಿ ಸೇದ್ತಿದ್ರೋ, ಪೇಪರ್ ಓದ್ತಿದ್ರೋ, ಯಾವನಿಗ್ಗೊತ್ತು. ನನಗೊಂದು ಮಾತು ಹೇಳ್ಬೌದಿತ್ತು."

ಸಂಜೆ ಅಪ್ಪ ಅಂಗಡಿಯಿಂದ ಬಂದಾಗ ದೊಡ್ಡಮ್ಮ ಚಹಾ ಇಟ್ಟು ಕೇಳಿದರು.

"ಗಾಡಿ ಯಾರಿಗೆ ಕೊಟ್ರಿ ಶೇಖರಪ್ಪ?"

"ಯಾಕ ಅತ್ತಿಗೆ, ಈಗ?"

"ಸುಮ್ನೆ ಕೇಳ್ದೆ."

"ನಿಟ್ಟುವಳ್ಳಿ ಗೌಡ್ರಿಗೆ." ಅಪ್ಪ ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡರು. "ಹೋದ ಗಾಡಿ ಹೋತು ಬಿಡ್ರಿ. ಅದರಾಗೇನೈತಿ."

ನಿಟ್ಟುವಳ್ಳಿಗೆ ಹೋಗುವ ಮೊದಲು ದೊಡ್ಡಮ್ಮ ನನ್ನನ್ನು ಹತ್ತಿ ಅಂಡಿಗೆ ಕಟ್ಟುವ ಪ್ರೆಸ್ಸಿಗೆ ಕರೆದುಕೊಂಡು ಹೋದರು. ದೊಡ್ಡಪ್ಪನ ಗಾಡಿ ಓಡಿಸುತ್ತಿದ್ದ ಹುಸೇನ್ ಸಾಬರು ಅಲ್ಲಿ ಗೇಟಿನ ಕೆಲಸಕ್ಕಿದ್ದರು. ನಮ್ಮನ್ನು ಕಂಡು ಎದ್ದು ನಿಂತು ತಮ್ಮ ಸ್ಟೂಲನ್ನು ಹೆಗಲ ಮೇಲಿನ ವಸ್ತ್ರದಿಂದ ಒರೆಸಿದರು.

"ಕೂಡ್ರಿ ಅಮ್ಮಾರೆ. ಈ ಸಣ್ಣವ್ವಾರು ಯಾರು, ನಮ್ಮ ಸರೋಜಮ್ಮಾರಾ? ಗಾಡ್ಯಾಗ ವಾಂತಿ ಮಾಡ್ಕಂತಿದ್ರಲ್ಲ."

"ಈಗ ಎಂ.ಎ. ಮಾಡ್ಯಾಳ" ಎಂದರು ದೊಡ್ಡಮ್ಮ ಗಂಭೀರವಾಗಿ. ಆಮೇಲೆ ನೇರವಾಗಿ ಕೇಳಿದರು: "ಹುಸೇನಪ್ಪ, ಅವತ್ತು ಅವರು ಎಲ್ಲಿ ಕೂತಿದ್ರು?"

ಸಾಬರು ಯಾವತ್ತು ಎಂದು ಕೇಳಲಿಲ್ಲ. "ಹಿಂದ್ಗಡೆ, ಎಡಕ್ಕೆ. ದಿನಾ ಕೂರೋ ಜಾಗ. ಹೊಳಿ ದಾಟಿ ಹರಿಹರ ಬಿಟ್ವಿ. ಎದಿ ಹಿಡ್ಕಂತೈತೆ ಹುಸೇನ, ಜಲ್ದಿ ಹೊಡಿ ಅಂದ್ರು. ಆಮ್ಯಾಲೆ ಮಾತಿಲ್ಲ. ನಾನು ಕನ್ನಡ್ಯಾಗ ನೋಡ್ದೆ. ಎಡಗೈ ಹಿಂಗ್ ಮುಂದಕ್ಕೆ ಹಿಡ್ಕಂಡು ಅಂಗೈ ನೋಡ್ಕಂತ ಕುಂತಿದ್ರು. ಹಣೆಬರ ಓದ್ತದಾರೇನೋ ಅನ್ಕಂಡೆ. ಆಮ್ಯಾಲೆ ದನ ಅಡ್ಡ ಬಂದ್ವು, ಬ್ರೇಕ್ ಹಾಕ್ದೆ. ಮತ್ತೆ ನೋಡ್ದಾಗ ವಾಲಿದ್ರು."

"ಇದನ್ನ ಯಾರಿಗೂ ಯಾಕ ಹೇಳ್ಲಿಲ್ಲ ನೀನು?"

"ಯಾರು ಕೇಳಿದ್ರು ಅಮ್ಮಾರೆ? ನಿಮಗೆಲ್ಲ ಗಾಡಿ ಮ್ಯಾಲೆ ಸಿಟ್ಟಿತ್ತು, ಅದನ್ನ ಓಡಿಸ್ದೋನ ಮ್ಯಾಲೂ ಇತ್ತು."

ಸಾಬರಿಗೆ ಅದು ಬರೀ ಅಂಗೈ. ಪೂಜೆಗೆ ಲಿಂಗವನ್ನು ಕರಡಿಗೆಯಿಂದ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ದೃಷ್ಟಿ ನೆಡಬೇಕೆಂದು ದೊಡ್ಡಮ್ಮನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ತೆಗೆದ ಕೂಡಲೇ ಕರಡಿಗೆಯನ್ನು ಅವರು ಮುಚ್ಚಿರುತ್ತಾರೆಂದೂ ಗೊತ್ತಿತ್ತು. ಹಿಂದಿರುಗುವಾಗ ದೊಡ್ಡಮ್ಮ ಎಷ್ಟು ಬೇಗ ನಡೆದರೆಂದರೆ ನಾನು ಹಿಂದೆ ಉಳಿದೆ. ಮನೆಯ ಹತ್ತಿರ ಬಂದಾಗ ಥಟ್ಟನೆ ನಿಂತು, "ಅಂಗೈ ಖಾಲೀನೂ ಇದ್ದಿರ್ಬೌದು. ಅವನೇನು ಲಿಂಗ ಕಂಡೆ ಅನ್ನಲಿಲ್ಲಲ್ಲ" ಎಂದರು. ಆಸೆಪಡಲು ಅವರಿಗೆ ಹೆದರಿಕೆಯಾಗಿತ್ತು.

ನಿಟ್ಟುವಳ್ಳಿ ಆಗಿನ್ನೂ ಊರ ಹೊರಗಿನ ಹಳ್ಳಿ. ಗೌಡರು ಹೊಲಕ್ಕೆ ಹೋಗಿದ್ದರು, ಅವರ ಹೆಂಡತಿ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದರು. ಕಾರಿನ ಮಾತೆತ್ತಿದ ಕೂಡಲೇ ನಕ್ಕುಬಿಟ್ಟರು.

"ಅಯ್ಯೋ ಬಿಡ್ರಿ. ನಮ್ಮನಿಯವ್ರು ಷೋಕಿಗೆ ತಂದ್ರು. ಒಂದ್ಸಲ ಹೊಡ್ಯಾಕ ಹೋಗಿ ಬಣವಿಗೆ ಗುದ್ದಿದ್ರು. ಆಮ್ಯಾಲೆ ಅದ್ರಾಗ ನಾನು ಕಡ್ಲಿ ಚೀಲ ಇಡ್ತಿದ್ದೆ. ಬಾಗ್ಲು ಭದ್ರ, ಇಲಿ ಬರ್ತಿರ್ಲಿಲ್ಲ."

"ಸೀಟು ಏನಾದ್ರೂ ತೆಗಿಸಿದ್ರಾ?" ದೊಡ್ಡಮ್ಮ ಕೇಳಿದರು.

"ಸೀಟ್ಯಾಕ ತೆಗೀಲಿ? ಅದರ ಮ್ಯಾಲೇ ಚೀಲ." ಅವರು ಮೊರ ಕೆಳಗಿಟ್ಟು ದೊಡ್ಡಮ್ಮನ ಮುಖ ನೋಡಿದರು. "ಏನು ಕಳ್ಕಂಡೀರಿ ಅಕ್ಕಾರೆ? ಬಂಗಾರದ್ದೇನು?"

"ಅಲ್ಲ."

ಅವರು ಮತ್ತೆ ಕೆದಕಲಿಲ್ಲ. ಹರಿಹರದವನು ಯಾರೋ ಹನುಮಂತಪ್ಪ ಅಂತ, ಕೊಂಡು ಹೋಗಿ ಸ್ಟೇಷನ್ ಮುಂದೆ ಬಾಡಿಗೆಗೆ ಬಿಟ್ಟಿದ್ದಾನೆ ಎಂದಷ್ಟು ಹೇಳಿ, ಕುಡಿಯಲು ಮಜ್ಜಿಗೆ ಕೊಟ್ಟರು.

ಹರಿಹರಕ್ಕೆ ನಾವು ಹೋದದ್ದು ಆಷಾಢದ ಕೊನೆಯ ವಾರ. ನನಗೆ ಅಷ್ಟು ಹೊತ್ತಿಗೆ ಸಾಕಾಗಿತ್ತು. ಬೆಳಗಿನ ರೈಲಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದೆ. ಸಿಗದಿದ್ದರೆ ದೊಡ್ಡಮ್ಮನನ್ನು ಹೇಗೆ ಮನೆಗೆ ಕರೆದುಕೊಂಡು ಬರುವುದು ಎಂಬುದೊಂದೇ ಯೋಚನೆ. ಅವರ ಕೈಚೀಲದಲ್ಲಿ ಬಟ್ಟೆ ಸುತ್ತಿದ ಕರಡಿಗೆ ಇತ್ತು. ಸದಾ ಹರಿಹರೇಶ್ವರನ ಗುಡಿಗೆ ಮೊದಲು ಹೋಗುವವರು ಆ ದಿನ "ಗುಡಿ ಆಮ್ಯಾಲೆ" ಎಂದರು.

ಸ್ಟೇಷನ್ನಿನ ಮುಂದೆ ಜಟಕಾಗಳ ಸಾಲಿತ್ತು. ಹಸಿರು ಕಾರು ಎಲ್ಲೂ ಕಾಣಲಿಲ್ಲ. ಹನುಮಂತಪ್ಪ ಬಾಡಿಗೆ ಮೇಲೆ ಹೋಗಿದ್ದಾನೆ, ಬರುತ್ತಾನೆ ಎಂದು ಜಟಕಾದವನೊಬ್ಬ ಹೇಳಿದ. ಬೇವಿನ ಮರದ ಕೆಳಗಿನ ಕಲ್ಲು ಬೆಂಚಿನ ಮೇಲೆ ಕಾದೆವು. ಹೊಳೆಯ ಕಡೆಯಿಂದ ಬೀಸುವ ಗಾಳಿಗೆ ಧೂಳು ಎದ್ದು ಹಲ್ಲಿನಲ್ಲಿ ಕರಕರ ಎನ್ನುತ್ತಿತ್ತು. ಬಿಸಿಲು ಏರಿತು. ಕೊನೆಗೆ ಕಪ್ಪು ಮೈಯ, ಹಳದಿ ತಲೆಯ ಒಂದು ಟ್ಯಾಕ್ಸಿ ಬಂದು ನಿಂತಿತು. ಅಂಥದೇ ಗಾಡಿ, ಆದರೆ ಅದೇ ಎಂದು ಹೇಳಲು ನನ್ನಿಂದಾಗಲಿಲ್ಲ. ಬಣ್ಣ ಬೇರೆ, ಮುಂದಿನ ಬಂಪರು ಬೇರೆ, ಚಕ್ರಗಳು ಬೇರೆ. ಕೇಳೋಣವೆಂದು ನಾನು ಡ್ರೈವರನ ಕಡೆ ಹೋದೆ.

ದೊಡ್ಡಮ್ಮ ಯಾರನ್ನೂ ಕೇಳಲಿಲ್ಲ. ಹಿಂದಿನ ಎಡಬಾಗಿಲಿಗೆ ಹೋಗಿ, ಮೊಣಕೈಯಿಂದ ಸ್ವಲ್ಪ ತಳ್ಳಿ, ಹಿಡಿ ಎತ್ತಿ ಎಳೆದರು. ಬಾಗಿಲು ತೆರೆಯಿತು.

ಡ್ರೈವರು ಇಳಿದು ಬಂದ. ನಡುವಯಸ್ಸಿನವನು, ಖಾಕಿ ಅಂಗಿ, ಹಣೆಯಲ್ಲಿ ಕುಂಕುಮ. "ಆ ಬಾಗ್ಲು ಯಾರಿಗೂ ಬಗ್ಗಲ್ಲ ತಾಯಿ. ದಿನಾ ನಾನೇ ಇಳ್ದು ತೆಗೀಬೇಕು. ನಿಮಗೆ ಹೆಂಗೆ ಬಂತು?"

ದೊಡ್ಡಮ್ಮ ಒಳಗೆ ಬಾಗಿ ಸೀಟು ಮುಟ್ಟಿದರು. ಅದು ಹೊಸ ರೆಕ್ಸಿನ್. ಅವರ ಕೈ ಅಲ್ಲೇ ನಿಂತಿತು.

"ಇದು ನಮ್ಮ ದೊಡ್ಡಪ್ಪನ ಗಾಡಿ ಆಗಿತ್ತು" ಎಂದು ನಾನು ಹೇಳಿದೆ. "ಹಿಂದಿನ ಸೀಟು ಬದಲಿಸಿದಾಗ ಒಳಗೆ ಏನಾದರೂ ಸಿಕ್ಕಿತ್ತಾ?"

ಹನುಮಂತಪ್ಪ ಒಮ್ಮೆ ನನ್ನನ್ನು, ಒಮ್ಮೆ ದೊಡ್ಡಮ್ಮನನ್ನು ನೋಡಿದ. ದೊಡ್ಡಮ್ಮನ ಹಣೆಯ ವಿಭೂತಿಯ ಮೇಲೆ ಅವನ ಕಣ್ಣು ನಿಂತಿತು. ಚಪ್ಪಲಿ ಕಳಚಿ, ಮುಂದಿನ ಬಾಗಿಲು ತೆಗೆದು, ಸ್ಟೀರಿಂಗಿನ ಪಕ್ಕದ ಗೂಡಿನ ಮುಚ್ಚಳ ತೆರೆದ. ಒಳಗೆ ಕೆಂಪು ವಸ್ತ್ರದ ಮೇಲೆ, ಊದುಬತ್ತಿಯ ಬೂದಿಯ ನಡುವೆ, ಕುಂಕುಮ ಮೆತ್ತಿದ ಕಪ್ಪು ಲಿಂಗವಿತ್ತು. ಮೇಲೊಂದು ಬಾಡಿದ ಚೆಂಡುಹೂವು.

"ನಾರು ಬದಲಿಸ್ವಾಗ ಎಡಗಡೆ ಸ್ಪ್ರಿಂಗಿನ ಸಂದ್ಯಾಗ ಕೂತಿತ್ತು. ನಿಮ್ಮೋರದು ಅಂತ ಗೊತ್ತಾತು. ಗಾಡಿಗೆ ಕಟ್ಟೀರಿ ಅನ್ಕಂಡೆ."

"ಗಾಡಿಗಾ?" ಎಂದೆ ನಾನು.

"ಮತ್ತೆ? ನಿಮ್ಮೋರು ಹೊಟ್ಟ್ಯಾಗಿನ ಕೂಸಿಗೂ ಲಿಂಗ ಕಟ್ತೀರಲ್ಲ. ಸಾವ್ಕಾರ್ರು ಗಾಡಿಗೂ ಕಟ್ಸ್ಯಾರ ಅನ್ಕಂಡೆ. ಗಾಡಿ ಜೊತಿಗೆ ಬಂದ ದೇವ್ರು, ಕಾಲ್ಬುಡ್ದಾಗ ಯಾಕ ಇರ್ಬೇಕು ಅಂತ ಮುಂದೆ ಇಟ್ಕಂಡೆ. ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚೇ ಗಾಡಿ ತೆಗ್ಯೋದು. ಒಂದು ಗೀರು ಬಿದ್ದಿಲ್ಲ ಈತನಕ."

ದೊಡ್ಡಮ್ಮ ಸೆರಗಿನಿಂದ ಕುಂಕುಮ ಒರೆಸಿದರು. "ವಿಭೂತಿ ಹಚ್ಚಬೇಕಿತ್ತು" ಎಂದರು.

"ನನಗೇನು ಗೊತ್ತು ತಾಯಿ, ನಮ್ಮ ಪದ್ಧತಿ ಹಂಗೆ."

"ತಪ್ಪಿಲ್ಲಪ್ಪ."

ಅವರು ಕೈಚೀಲದಿಂದ ಕರಡಿಗೆ ತೆಗೆದು ಲಿಂಗವನ್ನು ಅದರಲ್ಲಿ ಇಟ್ಟರು. ಬೆಳ್ಳಿಯ ಗುಳಿಯಲ್ಲಿ ಅದು ಅಲುಗಾಡದೆ ಕೂತಿತು. ಮುಚ್ಚಳ ಒತ್ತಿದಾಗ ಚಿಕ್ಕದೊಂದು ಸದ್ದು ಬಂತು. ಅದನ್ನು ಅವರು ಮತ್ತೆ ತೆರೆದು ಮತ್ತೆ ಮುಚ್ಚಿದರು. ನಾನು ಸ್ಟೇಷನ್ನಿನ ಕಡೆ ತಿರುಗಿ ನಿಂತೆ.

ಹನುಮಂತಪ್ಪನಿಗೆ ವಿಷಯ ಅರ್ಥವಾಗಲು ಹೆಚ್ಚು ಹೇಳಬೇಕಾಗಲಿಲ್ಲ. ಆದರೆ ಖಾಲಿ ಗೂಡನ್ನೇ ನೋಡುತ್ತ ನಿಂತಿದ್ದ. "ಒಯ್ಯಿರಿ, ನಿಮ್ದು. ಇನ್ನ ಗಾಡಿ ಬರಿದಾತಲ್ಲ" ಎಂದ. ದೊಡ್ಡಮ್ಮ ಚೀಲ ತಡಕಾಡಿ ತಮ್ಮ ವಿಭೂತಿ ಗಟ್ಟಿಯನ್ನು ತೆಗೆದು, ಗೂಡಿನೊಳಗೆ ಮೂರು ಬೆರಳಿನಿಂದ ಎಳೆದು, ಗಟ್ಟಿಯನ್ನು ಅಲ್ಲೇ ಇಟ್ಟರು. ಅವನು ಕೈ ಮುಗಿದು ಚಪ್ಪಲಿ ಮೆಟ್ಟಿಕೊಂಡ.

ಗುಡಿಗೆ ಹೋಗಿಬಂದು ಅದೇ ಗಾಡಿಯಲ್ಲಿ ದಾವಣಗೆರೆಗೆ ಹೊರಟೆವು. ದೊಡ್ಡಮ್ಮ ಎಡಕ್ಕೆ ಕೂತರು, ಕರಡಿಗೆ ಮಡಿಲಲ್ಲಿ. ರಸ್ತೆಯ ಎರಡೂ ಕಡೆ ಉತ್ತು ಬಿಟ್ಟ ಕಪ್ಪು ಹೊಲಗಳು ಮಳೆಗೆ ಕಾಯುತ್ತಿದ್ದವು. ಅವರು ಸಂತೋಷಪಡುತ್ತಾರೆ, ಇಲ್ಲವೇ ಅಳುತ್ತಾರೆ ಎಂದುಕೊಂಡಿದ್ದೆ. ಅವರು ಕರಡಿಗೆಯ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದರು.

"ಆರು ವರ್ಷ ಸಿಟ್ಟಾಗಿದ್ದೆ" ಎಂದರು ಕೊನೆಗೆ. "ಸಿಟ್ಟಿದ್ರೆ ಹೆಂಗೋ ದಿನ ಹೋಗ್ತೈತೆ, ಸರೋಜಾ. ಅವರು ಹೋದಾಗ ನಾ ಅಳ್ಲೇ ಇಲ್ಲ, ಗೊತ್ತಾ? ಎಲ್ಲಾರೂ ಗಟ್ಟಿ ಹೆಂಗ್ಸು ಅಂದ್ರು. ಈಗ ಮೊದ್ಲಿಂದ ಅಳ್ಬೇಕು. ಮೈಯಾಗ ಶಕ್ತಿ ಇಲ್ಲ."

ಅವರ ಕೈ ಹಿಡಿಯಬಹುದಿತ್ತು. ನಮ್ಮಿಬ್ಬರಿಗೂ ಆ ಅಭ್ಯಾಸವಿರಲಿಲ್ಲ. ಸ್ವಲ್ಪ ಹತ್ತಿರಕ್ಕೆ ಸರಿದು ಕೂತೆ. ದಾರಿಯಲ್ಲಿ ದನಗಳು ಅಡ್ಡ ಬಂದವು. ಹನುಮಂತಪ್ಪ ಬ್ರೇಕ್ ಹಾಕಿದಾಗ ದೊಡ್ಡಮ್ಮ ಎರಡೂ ಕೈಯಿಂದ ಮಡಿಲನ್ನು ಮುಚ್ಚಿಕೊಂಡರು.

ಅಪ್ಪ ಜಗಲಿಯಲ್ಲಿ ನಿಂತಿದ್ದರು. ನಾವು ಕಾರಿನಿಂದ ಇಳಿಯುವುದನ್ನು ನೋಡಿದರು. ದೊಡ್ಡಮ್ಮ ಒಳಗಿನಿಂದ ಆ ಬಾಗಿಲನ್ನು ತೆರೆದ ರೀತಿಯನ್ನೂ ನೋಡಿದರು. ಒಳಗೆ ಬಂದ ಮೇಲೆ ದೊಡ್ಡಮ್ಮ ಕರಡಿಗೆಯನ್ನು ತೆರೆದು ಅವರ ಮುಂದೆ ಇಟ್ಟರು.

"ಸೀಟಿನ ಸಂದ್ಯಾಗಿತ್ತು ಶೇಖರಪ್ಪ. ಕೈಯಾಗ ಹಿಡ್ಕಂಡೇ ಹೋಗ್ಯಾರ."

ಅಪ್ಪ ಸೋಫಾದ ಮೇಲೆ ಕೂತರು. ಆ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಅಯ್ಯನವರನ್ನು ಕೇಳಿ, ಶ್ರಾವಣದ ಮೊದಲ ಸೋಮವಾರ ಹೊಲದಲ್ಲಿ ಅಣ್ಣನ ಸಮಾಧಿಯ ಬದಿಗೆ ಮಣ್ಣಿನಲ್ಲಿ ಇಡಿಸುತ್ತೇನೆ ಎಂದರು. ಆಮೇಲೆ ಮಾತು ಮುಗಿಯಿತೆಂದು ನಾನು ಏಳುವಾಗ, ನನ್ನತ್ತ ನೋಡದೆ ಕೇಳಿದರು:

"ಆ ಬಾಗ್ಲು ಇನ್ನೂ ಹಂಗೇ ಐತೇನು?"

"ಹಂಗೇ ಇದೆ ಅಪ್ಪ."

"ರಿಪೇರಿ ಮಾಡ್ಸು ಅಂತ ಎಷ್ಟು ಸಲ ಹೇಳಿದ್ದೆ ಅಣ್ಣಗ" ಎಂದರು. ಎದ್ದು ಹಿತ್ತಲಿಗೆ ಹೋದರು.

ಮರುದಿನ ಬೆಳಿಗ್ಗೆ ದೊಡ್ಡಮ್ಮ ಏಳಲಿಲ್ಲ. ನನಗೆ ನೆನಪಿರುವಂತೆ ಅವರು ಹೊತ್ತು ಹುಟ್ಟಿದ ಮೇಲೂ ಮಲಗಿದ್ದದ್ದು ಅದೇ ಮೊದಲು. ಕಣ್ಣುಗಳು ಅತ್ತು ಬಾತಿದ್ದವು, ಉಸಿರು ನಿಧಾನವಾಗಿತ್ತು. ಅವರನ್ನು ಎಬ್ಬಿಸದೆ ನಾನು ಸ್ನಾನ ಮಾಡಿ, ಹಿತ್ತಲಿನ ಗಿಡದಿಂದ ಪತ್ರೆ ಹರಿದು, ಮೇಲೆ ಕೂತಿದ್ದ ಹತ್ತಿಯ ಎಳೆಗಳನ್ನು ಒಂದೊಂದಾಗಿ ಬಿಡಿಸಿ ತೊಳೆದು, ವಿಭೂತಿ, ನೀರಿನ ಜೊತೆ ತಟ್ಟೆಯಲ್ಲಿ ಜೋಡಿಸಿದೆ. ಪೂಜೆಯ ಕೋಣೆಯ ಬಾಗಿಲು ಮುಚ್ಚಿತ್ತು. ತಟ್ಟೆಯನ್ನು ಹೊಸ್ತಿಲಲ್ಲಿ ಇಡಲು ಬಗ್ಗಿದವಳು ಇಡಲಿಲ್ಲ. ಬಾಗಿಲನ್ನು ತಳ್ಳಿ ಒಳಗೆ ಹೋದೆ. ಅಪ್ಪ ಕೊರಳ ಕರಡಿಗೆಯ ಮೇಲೆ ಕೈಯಿಟ್ಟುಕೊಂಡು ತಲೆ ಎತ್ತಿದರು. ತಟ್ಟೆಯನ್ನು ಅವರ ಮುಂದಿಟ್ಟು, ಗೋಡೆಗೆ ಬೆನ್ನು ಕೊಟ್ಟು ಕೂತೆ. ಹೋಗು ಎಂದು ಅವರು ಹೇಳಲಿಲ್ಲ. ಮುಚ್ಚಳ ತೆಗೆದು, ಲಿಂಗವನ್ನು ಎಡ ಅಂಗೈಗೆ ಇಟ್ಟುಕೊಂಡರು. ಪೂಜೆ ಮುಗಿಯುವವರೆಗೆ ನಾನು ಅದನ್ನೇ ನೋಡುತ್ತ ಕೂತಿದ್ದೆ.